ಒಂದು, ಎರಡರ ನಡುವಿನ ಖಾಲಿ

ಮೋಟಾರ್ ಸೈಕಲ್ಲಿನ ಗೇರುಗಳಿಗೆ ಕ್ರಮಾಂಕ ಕೊಟ್ಟ ಮಹಾನುಭಾವರನ್ನು ನಮ್ಮ ಕಾನ್ವೆಂಟಿನ ಗಣಿತದ ಸಿಸ್ಟರ್ ಕೈಗೆ ಕೊಟ್ಟಿದ್ದರೆ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದರು. ಸೊನ್ನೆಯಾದ ಮೇಲೆ ಒಂದು, ಒಂದಾದ ಮೇಲೆ ಎರಡು ಎಂಬ ಜಗದ್ವಿದಿತ ಶಿಸ್ತನ್ನು ಗಾಳಿಗೆ ತೂರಿ, ಕೆಳಗೆ ಒಂದನ್ನೂ ಮೇಲೆ ಎರಡನ್ನೂ ಇಟ್ಟು, ಅವುಗಳ ಸಂದಿಯಲ್ಲಿ ನ್ಯೂಟ್ರಲ್ ಎಂಬ ಸೊನ್ನೆಯನ್ನು ಬಚ್ಚಿಟ್ಟಿದ್ದಾರೆ. ಹೌ ಇಲ್ಲಾಜಿಕಲ್!

ಅರವತ್ತೆಂಟರಲ್ಲಿ ನಿಮಗೇಕೆ ಈ ಉಸಾಬರಿ ಎಂದು ಕೇಳುವಿರಿ, ಡಿಯರ್ ರೀಡರ್. ನಮ್ಮ ಯಜಮಾನರ ಎಡಮೊಣಕಾಲಿಗೆ ಆಪರೇಷನ್ ಆಗಿ ಗೇರು ಒತ್ತುವ ಭಾಗ್ಯ ಅವರಿಗೆ ತಪ್ಪಿತು. ಇಪ್ಪತ್ತು ವರ್ಷ ಜಹೀರಾಬಾದಿನ ನಮ್ಮ ಅಂಗಳದ ಶೋಭೆಯಾಗಿದ್ದ ಬೈಕನ್ನು ತಾಂಡೂರಿನ ಮೈದುನ ಭಾನುವಾರ ಬಂದು ಒಯ್ಯುವುದೆಂದು ಅಣ್ಣತಮ್ಮಂದಿರು ಫೋನಿನಲ್ಲೇ ನಿರ್ಧರಿಸಿದರು. ಆ ಬೈಕಿನ ಹಿಂದೆ ಕುಳಿತೇ ನಾನು ನಾರಾಯಣಖೇಡದವರೆಗಿನ ತೊಗರಿ ಹೂವನ್ನು ಕಂಡವಳು, ಗಾಳಿಗೆ ಹೆರಳು ಬಿಚ್ಚಿಕೊಂಡವಳು. ಅದನ್ನು ಕಳಿಸಿಕೊಡುವುದೇ?

"ನಾ ಹೊಡೀತೀನಿ" ಎಂದೆ.

"ಇದೇನ್ ನಿನ್ನ ಸ್ಕೂಟಿ ಅಂತ ತಿಳ್ದೀಯೇನು?" ಎಂದು ಯಜಮಾನರು ನಕ್ಕರು. "ಆತು. ಐತಾರ ಗೇಟಿನ ಮುಂದ ತಂದು ಚಾಲೂ ಇಟ್ಟು ನೂಟ್ರಲ್ ಮಾಡಿ ನಿಲ್ಸು. ಬಂದ್ ಬಿತ್ತಂದ್ರ ಗಾಡಿ ನನ್ನ ತಮ್ಮಂದು."

ಓಡಿಸುವುದು ಎರಡು ದಿನದಲ್ಲಿ ಬಂತು, ನಿಲ್ಲಿಸುವುದು ಬರಲಿಲ್ಲ. ನ್ಯೂಟ್ರಲ್ಲಿಗೆ ನಮ್ಮ ಪಂಡಿತರು 'ತಟಸ್ಥ' ಎನ್ನುತ್ತಾರೆ, ದಡದ ಮೇಲೆ ನಿಂತದ್ದು. ನನಗಾದರೋ ಆ ದಡವೇ ಸಿಗದು. ನಿಂತು ಒತ್ತಿದರೆ ಒಂದು, ಎತ್ತಿದರೆ ಎರಡು, ಕ್ಲಚ್ ಬಿಟ್ಟರೆ ಗಾಡಿ ಒಮ್ಮೆ ಬಿಕ್ಕಳಿಸಿ ಸ್ತಬ್ಧ.

ಝರಾಸಂಗಂ ರಸ್ತೆಯ ಮೆಕ್ಯಾನಿಕ್ ಮಾದಪ್ಪನಲ್ಲಿಗೆ ಹೋದೆ. ಅವನೂ ನನ್ನ ಓರಗೆಯವನೇ. ನನ್ನ ಸವಾರಿ ನೋಡಿ ಕೂಗಿದ: "ಅವ್ವಾರ, ನಿಲ್ಲೂದಕ್ಕ ಮೊದಲೇ ಕಾಲಿಗಿ ಹಾಕ್ರಿ!" ಕಾಲು ನೋಡಿಕೊಂಡೆ, ಹವಾಯಿ ಚಪ್ಪಲಿ. ಸೇಫ್ಟಿಯ ಮಾತು ಹೇಳುತ್ತಿದ್ದಾನೆ, ಹೌ ಥಾಟ್‌ಫುಲ್ ಎಂದು ಮರುದಿನ ವಾಕಿಂಗ್ ಬೂಟು ಧರಿಸಿ ಹೋದೆ. ಗಾಡಿ ಮತ್ತೆ ಬಿಕ್ಕಳಿಸಿತು.

"ಕಾಲಿಗಿ ಹಾಕ್ರಿ ಅಂದಿದ್ನಲ್ರಿ ಅವ್ವಾರ!"

"ಹಾಕೀನಲ್ಲಪ್ಪ, ಲೇಸ್ ಸುದ್ದಾ ಕಟ್ಟೀನಿ!"

ಮಾದಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು, ಹಳೇ ಟೈರಿನ ಮೇಲೆ ಕುಸಿದು, ಕಣ್ಣೀರು ಬರುವಂತೆ ನಕ್ಕ. "ಆ ಕಾಲಿ ಅಲ್ರಿ! ಒಂದೂ ಅಲ್ಲ, ಎರಡೂ ಅಲ್ಲ, ಕಾಲಿ! ಡಬ್ಬಿ ಕಾಲಿ ಆತು ಅಂತೀವಲ್ಲ, ಆ ಕಾಲಿ!"

ಖಾಲಿ! ತುಟಿಯ ಮುಂದೆ ಕಾಗದದ ಚೂರು ಹಿಡಿದು, ಅದು ಅಲುಗುವವರೆಗೆ 'ಪೇಪರ್, ಪೆನ್ಸಿಲ್' ಎನ್ನಿಸಿ ಸಿಸ್ಟರುಗಳು ನನಗೆ ಕಲಿಸಿದ ಉಸಿರಿನ ವಿದ್ಯೆಯೆಲ್ಲ, ನಮ್ಮೂರಿನವರು ಉಳಿತಾಯ ಮಾಡಿದ ಒಂದು ಮಹಾಪ್ರಾಣದ ಮುಂದೆ ಮಣ್ಣುಪಾಲಾಯಿತು.

"ಬೂಟ್ ಬಿಚ್ರಿ ಮೊದ್ಲು" ಎಂದ ಮಾದಪ್ಪ. "ನಿಂತ ಮ್ಯಾಲ ಹುಡುಕಿದ್ರ ಸಿಗಲ್ಲ ಅದು. ಗಾಡಿ ಇನ್ನಾ ಉರುಳ್ಲತ್ತಿದ್ದಾಗ, ಕ್ಲಚ್ ಹಿಡ್ದು, ಎರಡರಿಂದ ಕೆಳಗ ಹಗೂರಕ್ಕ ಅರ್ಧಾ ಒತ್ರಿ. ಕೂಸಿನ ಕೆನ್ನಿ ಮುಟ್ಟಿದಂಗ."

ತಟಸ್ಥರಾಗಬೇಕೆಂದು ನಿಂತುಬಿಟ್ಟವರಿಗೆ ತಾಟಸ್ಥ್ಯ ಸಿಗದು, ಇನ್ನೂ ಚಲಿಸುತ್ತಿರುವವರಿಗಷ್ಟೇ ಅದು ಕಾಲ್ಬೆರಳಿಗೆ ತಾಗುತ್ತದೆ ಎಂದು ನಾನು ಬರಿಗಾಲಲ್ಲಿ ಗಾಡಿ ಉರುಳಿಸುತ್ತ ದೊಡ್ಡ ಫಿಲಾಸಫಿ ಹೊಸೆಯುತ್ತಿರುವಾಗಲೇ ಮೀಟರಿನಲ್ಲಿ ನ್ಯೂಟ್ರಲ್ಲಿನ ಹಸಿರು ದೀಪ ಹೊತ್ತಿತು. ಆಮೇಲೆ ಮೂರು ಬಾರಿ ಹೊತ್ತಲಿಲ್ಲ.

ಭಾನುವಾರ ಮೈದುನ ಹೆಲ್ಮೆಟ್ ಸಮೇತ ಬಸ್ಸಿಳಿದು ಬಂದು, ಗೇಟಿನ ಕಟ್ಟೆಯ ಮೇಲೆ ಅಣ್ಣನ ಪಕ್ಕ ಚಹಾ ಕುಡಿಯುತ್ತಿದ್ದ. ಓಣಿಯ ತಿರುವಿನಿಂದ ಎರಡನೇ ಗೇರಿನಲ್ಲಿ ಬಂದೆ. ಕ್ಲಚ್ ಹಿಡಿದೆ, ಕಾಲಿನ ಹೆಬ್ಬೆರಳು ಮುಟ್ಟಿತು, ಹಸಿರು! ಉಸಿರು ಕಟ್ಟಿ ಕ್ಲಚ್ ಬಿಟ್ಟೆ. ಗಾಡಿ ನಿಂತಿತು, ಗುರುಗುಟ್ಟುತ್ತಲೇ ಇತ್ತು. ಎರಡೂ ಕೈ ಮೇಲೆತ್ತಿ ತೋರಿಸಿದೆ.

"ವೈನೀ, ಹಂಗಾರ ನಾ ಬಸ್ಸಿಗೇ ಹೋಗ್ಬೇಕೇನ್ರಿ?" ಎಂದ ಮೈದುನ.

ಯಜಮಾನರು ತಮ್ಮನ ಹೆಲ್ಮೆಟ್ ಕಸಿದು ತಮ್ಮ ತಲೆಗೇರಿಸಿ, ಕುಂಟುತ್ತ ಬಂದು, ಕಾಲು ಆಚೆ ಎತ್ತಿಹಾಕಲಾಗದೆ ಸೀರೆಯುಟ್ಟವರಂತೆ ಒಂದೇ ಮಗ್ಗುಲಿಗೆ ಕುಳಿತು, ನನ್ನ ಹೆಗಲು ಹಿಡಿದರು. ಊರು ದಾಟಿದ ಮೇಲೆ ಗೊಣಗಿದರು: "ಏ, ಹಿಂಗ ಕುಂತ್ರ ಬಲಗಡೀದು ಏನೂ ಕಾಣ್ಸಲ್ಲಲ್ಲ!"

"ಇಪ್ಪತ್ತು ವರ್ಷ ನನಗೂ ಕಾಣ್ಸಿಲ್ರಿ" ಎಂದೆ. "ಹೇಳ್ತೀನಿ ತಗೋರಿ. ಕಬ್ಬಿನ ಹೊಲ ಬಂತು. ಹೂ ಬಿಟ್ಟದ."