ಹನ್ನೊಂದಾಣೆಯ ಬಾಕಿ

ಮೂವತ್ತು ವರ್ಷ ಕಾಲೇಜಿನಲ್ಲಿ ಅಕೌಂಟೆನ್ಸಿ ಕಲಿಸಿದ ನನಗೆ ನಮ್ಮ ಮನೆಯ ಹಾಲಿನ ಲೆಕ್ಕ ಗೊತ್ತಿಲ್ಲ. ತಿಂಗಳ ಕೊನೆಗೆ ಹಾಲಿನವನು ಒಂದು ಮೊತ್ತ ಹೇಳುತ್ತಾನೆ, ನಾನು ಕೊಡುತ್ತೇನೆ. ‘ಟೀಚರೇ, ಒಮ್ಮೆ ನೀವೂ ಲೆಕ್ಕ ನೋಡಿ’ ಎಂದು ಅವನೇ ನಾಚಿಕೊಂಡು ಹೇಳಿದ್ದುಂಟು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಹೀಗಿದ್ದರೂ ಲೆಕ್ಕದ ಬಗ್ಗೆ ನನಗೊಂದು ಜಂಬ ಇತ್ತು. ಲೆಕ್ಕವೆಂದರೆ ಪಠ್ಯಪುಸ್ತಕದಲ್ಲಿರುವುದು, ಎಡಕ್ಕೊಂದು ಬಲಕ್ಕೊಂದು ಗೆರೆ ಎಳೆದು ಎರಡೂ ಬದಿ ಸರಿಹೊಂದಿಸುವುದು, ಹಳ್ಳಿಯ ಅಂಗಡಿಯವರು ಬರೆದದ್ದೆಲ್ಲ ಬರೀ ಚೀಟಿ ಎಂದುಕೊಂಡಿದ್ದೆ. ಈ ಜಂಬ ಇಳಿಯತೊಡಗಿದ್ದು ಬಂಟ್ವಾಳ ಪೇಟೆಯ ಒಂದು ಅಟ್ಟದ ಮೇಲೆ, ಕೆಮ್ಮುತ್ತಾ ಧೂಳು ಕೊಡವುತ್ತಾ ಕೂತಿದ್ದಾಗ.

ಅಟ್ಟ ಉಪೇಂದ್ರ ಮಾಮನದು. ಅವರದು ಗ್ರಂಧಿಗೆ ಅಂಗಡಿ. ಅಂದರೆ ನಾರುಬೇರು, ಕಷಾಯದ ಸಾಮಾನು, ಪೂಜೆಯ ಸಾಮಾನು, ಸೀಗೆ, ಅಂಟುವಾಳ ಎಲ್ಲ ಸಿಗುವ ಜಾಗ. ಐದು ತಲೆಮಾರಿನ ವ್ಯಾಪಾರ. ನನ್ನ ತಂದೆಯ ಕಾಲದಿಂದ ಪರಿಚಯ, ಹಾಗಾಗಿ ಮಾಮ. ಹೋದ ವರ್ಷ ಅವರ ಸೊಸೆ ಶ್ವೇತಾ ಅಂಗಡಿಗೆ ಕಂಪ್ಯೂಟರ್ ತಂದಳು, ಅದರ ಜೊತೆಗೆ ಅಟ್ಟವನ್ನು ಖಾಲಿ ಮಾಡಬೇಕೆಂಬ ಯೋಚನೆಯನ್ನೂ ತಂದಳು. ಮಾಮ ನನಗೆ ಫೋನು ಮಾಡಿದರು. ‘ಹಳೇ ಪುಸ್ತಕ ರಾಶಿ ಉಂಟು ಮಾರಾಯ್ತಿ. ಗುಜರಿಯವನಿಗೆ ಕೊಡುವ ಮೊದಲು ನೀನೊಮ್ಮೆ ನೋಡು. ನಿಮ್ಮ ಕಾಲೇಜಿಗೆ ಏನಾದ್ರೂ ಬೇಕಾಗ್ತದೋ ಏನೋ.’

ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿ ಹೋದೆ. ಹೋಗುವಾಗ ನನ್ನ ಚೀಲದಲ್ಲಿ ಇನ್ನೊಬ್ಬರ ಕೆಲಸವೂ ಇತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಬೇಲಿಯಾಚೆ ಗಿರಿಜಕ್ಕನ ಮನೆ. ಎಂಬತ್ತು ದಾಟಿದ ಹೆಂಗಸು. ಬೀಡಿ ಕಟ್ಟಿಯೇ ಮೂವರು ಮಕ್ಕಳನ್ನು ದಡ ಮುಟ್ಟಿಸಿದವರು. ಬ್ಯಾಂಕಿನ ಫಾರಂ ತುಂಬಿಸಲು ನನ್ನ ಹತ್ತಿರ ಬಂದಾಗ ‘ತಾಯಿಯ ಹೆಸರು’ ಎಂಬಲ್ಲಿ ಪೆನ್ನು ನಿಲ್ಲಿಸಿ ಕೇಳಿದೆ. ಅವರು ಸೋದರತ್ತೆಯ ಹೆಸರು ಹೇಳಿದರು. ಬರೆದೆ. ಆಮೇಲೆ ನೆಲ ನೋಡುತ್ತಾ, ‘ಅದು ಅತ್ತೆ, ಟೀಚರೆ. ಅಮ್ಮನ ಹೆಸರು ನನಗೆ ಗೊತ್ತಿಲ್ಲ’ ಎಂದರು.

ಅವರ ತಾಯಿ ತೀರಿಕೊಂಡಾಗ ಇವರು ಆರು ತಿಂಗಳ ಕೂಸು. ತಂದೆ ಕೂಸನ್ನು ಗುರುವಾಯನಕೆರೆಯ ತಂಗಿಯ ಮನೆಯಲ್ಲಿ ಬಿಟ್ಟು ಘಟ್ಟ ಹತ್ತಿದವನು ತಿರುಗಿ ಬರಲಿಲ್ಲ. ತಾಯಿಯ ಕಡೆಯವರೆಂದು ಯಾರೂ ಇರಲಿಲ್ಲ. ಸಾಕಿದ ಅತ್ತೆ ‘ನಿನ್ನ ಅಪ್ಪೆ’ ಎಂದಷ್ಟೇ ಹೇಳುತ್ತಿದ್ದಳು. ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ. ಸತ್ತವಳ ಹೆಸರೆತ್ತಿದರೆ ಕೂಸಿಗೆ ಸೋಂಕುತ್ತದೆ ಎಂಬ ಭಯ. ಕೂಸು ದೊಡ್ಡದಾಗಿ ಕೇಳುವ ಹೊತ್ತಿಗೆ ಅತ್ತೆಗೆ ನೆನಪೇ ಹೋಗಿತ್ತು.

‘ಫಾರಮ್ಮಿಗೆ ಏನೂ ಬರೆಯಿರಿ ಟೀಚರೆ, ಅಡ್ಡಿಲ್ಲ. ಹಿರಿಯರಿಗೆ ಬಡಿಸುವ ದಿನ ಕಷ್ಟ ಆಗ್ತದೆ’ ಎಂದರು ಗಿರಿಜಕ್ಕ. ನಮ್ಮಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುವ ಕ್ರಮ. ‘ಎಲ್ಲರನ್ನೂ ಹೆಸರು ಹೇಳಿ ಕರೀತೇನೆ. ಅವಳ ಎಲೆಯ ಮುಂದೆ ಮಾತ್ರ ಸುಮ್ಮನೆ ನಿಲ್ತೇನೆ. ತನ್ನನ್ನೇ ಕರೆದದ್ದು ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು? ಅಮ್ಮ ಅಂದ್ರೆ ಊರಲ್ಲಿ ಎಷ್ಟು ಅಮ್ಮಂದಿರು.’

ತಾಯಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಮೂರೇ ಸಂಗತಿ. ಊರು ಮುಂಡಾಜೆ. ಮನೆ ಕಲ್ಲಗುಡ್ಡೆ. ಮತ್ತೆ, ತಾಯಿ ಕಾಡಿನಲ್ಲಿ ಸೀಗೆಕಾಯಿ ಹೆಕ್ಕಿ ಹಸನಬ್ಬ ಎಂಬ ಬ್ಯಾರಿಯ ಎತ್ತಿನ ಗಾಡಿಯಲ್ಲಿ ಬಂಟ್ವಾಳ ಪೇಟೆಗೆ ಕಳಿಸುತ್ತಿದ್ದಳು. ಬಂಟ್ವಾಳ ಪೇಟೆಯ ಸೀಗೆಕಾಯಿ ಅಂದಕೂಡಲೇ ನನಗೆ ಮಾಮನ ಅಟ್ಟ ನೆನಪಾಯಿತು.

ಅಟ್ಟ ಹತ್ತಿದ ಮೇಲೆ ಮೊದಲ ಒಂದು ಗಂಟೆ ನಾನು ಬಂದ ಕೆಲಸವನ್ನೇ ಮರೆತೆ. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ, ನಡುವಿಗೆ ಹುರಿ ಕಟ್ಟಿದ ಪುಸ್ತಕಗಳು ಗೋಡೆಯುದ್ದಕ್ಕೂ ಇದ್ದವು. ಕೆಳಗಿನ ಸಾಲಿನವುಗಳ ಮೇಲೆ ನೇತ್ರಾವತಿಯ ಕೆಸರಿನ ಗುರುತು. ಮಾರಿ ಬೊಳ್ಳ ಎಂದು ಇಲ್ಲಿಯವರು ಈಗಲೂ ಹೇಳುವ ಆ ದೊಡ್ಡ ನೆರೆಗೆ ಪೇಟೆಯೇ ಮುಳುಗಿದಾಗ, ಮಾಮನ ಅಜ್ಜ ಸಾಮಾನು ಬಿಟ್ಟು ಪುಸ್ತಕಗಳನ್ನು ದೋಣಿಗೆ ಹಾಕಿಸಿದರಂತೆ. ಒಣಗಿಸಿ ಮತ್ತೆ ಜೋಡಿಸಿದ್ದರಿಂದ ಕೆಲವು ಹಾಳೆ ಹಪ್ಪಳದ ಹಾಗೆ ಆಗಿವೆ.

ಎಲ್ಲಕ್ಕಿಂತ ಹಳೆಯದು ಪುಸ್ತಕವೇ ಅಲ್ಲ, ಕಡತ. ಈಗ ಸರಕಾರಿ ಕಚೇರಿಯಲ್ಲಿ ಕಡತ ಎಂದರೆ ಮೇಜಿನಿಂದ ಮೇಜಿಗೆ ಹೋಗಿ ಅಲ್ಲೇ ಮಲಗುವ ಫೈಲು. ಹಿಂದೆ ಕಡತವೆಂದರೆ ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಮೆತ್ತಿ, ಒಣಗಿಸಿ, ಮಡಚಿ ಮಡಚಿ ಇಟ್ಟುಕೊಂಡು ಬಳಪದಲ್ಲಿ ಬರೆಯುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರಸಿದರೆ ಎಲ್ಲವೂ ಮಾಯ. ಮಾಮನ ಮುತ್ತಜ್ಜನ ಅಪ್ಪ ಬರೆದ ಇದನ್ನು ಮಾತ್ರ ಯಾರೂ ಒರಸಿರಲಿಲ್ಲ. ನಾನು ಉಸಿರು ಬಿಗಿಹಿಡಿದು ಬಿಡಿಸಿದೆ. ಮುಡಿ, ಕಳಸೆ, ಸೇರು, ಕುಡ್ತೆ ಎಂದು ಅಕ್ಕಿ ಎಣ್ಣೆಗಳ ಅಳತೆ. ಪಟ್ಟಿಯಲ್ಲಿ ಮೊದಲ ಗಿರಾಕಿ ಯಾರೆಂದು ಹೇಳಿದರೆ ನೀವು ನಗುತ್ತೀರಿ. ಊರಿನ ದೈವ. ಎಣ್ಣೆ, ಕರ್ಪೂರ, ಗಂಧ ಎಲ್ಲ ದೈವದ ಹೆಸರಿನಲ್ಲೇ ಕಡ, ವರ್ಷಕ್ಕೊಮ್ಮೆ ಚುಕ್ತಾ. ಇಡೀ ಊರು ಕೈಮುಗಿದು ನಿಲ್ಲುವ ದೈವವನ್ನು ಅಂಗಡಿಯವನು ‘ಬಾಕಿ ಎರಡು ಕುಡ್ತೆ’ ಎಂದು ಬರೆದಿಟ್ಟುಕೊಂಡಿದ್ದಾನೆ. ಆ ಧೈರ್ಯಕ್ಕೆ ನಾನು ಕೈಮುಗಿದೆ.

ಆಮೇಲೆ ಕಲ್ಲಗುಡ್ಡೆಯನ್ನು ಹುಡುಕಲು ಕೂತೆ. ಗಿರಿಜಕ್ಕ ಹುಟ್ಟಿದ ಆಸುಪಾಸಿನ ವರ್ಷಗಳ ಗಿರಾಕಿ ಪುಸ್ತಕ ತೆಗೆದೆ. ಎಲ್ಲರೂ ಮನೆಯ ಹೆಸರಿನಲ್ಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ‘ಮುಂಡಾಜೆ ಕಲ್ಲಗುಡ್ಡೆ ಅಣ್ಣು.’ ಅಣ್ಣು ಗಿರಿಜಕ್ಕನ ತಂದೆ. ಅವನ ಹೆಸರಿನ ಕೆಳಗೆ ಬೆಲ್ಲ, ಕಾಳುಮೆಣಸು, ಎಳ್ಳೆಣ್ಣೆ. ಮತ್ತೊಂದು ಸಾಲು: ‘ಅಣ್ಣುವಿನ ಹೆಂಡತಿಗೆ ಬಾಣಂತಿ ಮದ್ದು.’

ಆ ಸಾಲನ್ನು ಇನ್ನೊಮ್ಮೆ ಓದಿದೆ. ಬೇಲಿಯಾಚೆ ಕೂತು ನನಗೆ ಬಸಳೆ ಕೊಡುವ ಗಿರಿಜಕ್ಕ ಹುಟ್ಟಿದ ಸುದ್ದಿ ಅದು. ಆದರೆ ಹೆಂಡತಿಗೆ ಹೆಸರಿಲ್ಲ. ಹಿಂದೆ ಮುಂದೆ ಮೂರು ವರ್ಷದ ಪುಸ್ತಕ ತಿರುಗಿಸಿದೆ. ಎಲ್ಲ ಕಡೆ ‘ಅಣ್ಣುವಿನ ಹೆಂಡತಿ’, ‘ಅಣ್ಣುವಿನ ಮನೆಯವಳು’. ಪುಸ್ತಕ ಮುಚ್ಚಿ, ಆ ಕಾಲದ ಗಂಡಸರನ್ನೆಲ್ಲ ಮನಸಾರೆ ಬೈದು ಮನೆಗೆ ಬಂದೆ. ಗಿರಿಜಕ್ಕನಿಗೆ ಬಾಣಂತಿ ಮದ್ದಿನ ವಿಷಯ ಹೇಳಿದೆ. ‘ತಂದು ಕೊಟ್ಟಿದ್ದನಾ?’ ಎಂದು ಕೇಳಿದರು. ಆಮೇಲೆ, ‘ನನಗೂ ಆ ಪುಸ್ತಕ ನೋಡ್ಬೇಕಲ್ಲ’ ಎಂದರು.

ಮುಂದಿನ ವಾರ ಇಬ್ಬರೂ ಹೋದೆವು. ಅವರಿಗೆ ಏಣಿ ಹತ್ತಲಾಗದು ಎಂದು ಮಾಮನೇ ಪುಸ್ತಕಗಳನ್ನು ಕೆಳಗಿಳಿಸಿದರು. ನಾನು ಸೋತ ಕಥೆ ಕೇಳಿ ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

‘ನೀನು ಎಷ್ಟು ವರ್ಷ ಅಕೌಂಟ್ಸ್ ಕಲಿಸಿದ್ದು?’

‘ಮೂವತ್ತು.’

‘ಮತ್ತೆ ಒಂದೇ ಬದಿ ನೋಡಿದ್ದಲ್ಲ ಮಾರಾಯ್ತಿ. ನಾವು ಮಾರಿದ್ದು ಮಾತ್ರ ನೋಡಿದೆ. ಅವರು ಗಿರಾಕಿಯಾ? ಸೀಗೆ ತಂದವರು. ತಂದವರ ಪುಸ್ತಕ ಬೇರೆ ಉಂಟು.’

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಮೊದಲ ವರ್ಷದ ಮಕ್ಕಳಿಗೆ ಮೊದಲ ದಿನ ಹೇಳುವ ಪಾಠ, ಪ್ರತಿ ಲೆಕ್ಕಕ್ಕೂ ಎರಡು ಬದಿ ಎಂಬುದು. ಆ ಹೆಂಗಸು ಏನನ್ನಾದರೂ ಕೊಂಡಿರಬಹುದು ಎಂದು ಹುಡುಕಿದ್ದೆ. ಅವಳೂ ವ್ಯಾಪಾರ ಮಾಡುವವಳು ಎಂದು ನನಗೆ ಹೊಳೆದೇ ಇರಲಿಲ್ಲ. ಬೈಸಿಕೊಂಡ ಗಂಡಸರು ನನ್ನನ್ನು ಕ್ಷಮಿಸಬೇಕು.

ತಂದವರ ಪುಸ್ತಕದ ಕ್ರಮವೇ ಬೇರೆ. ಚಾರ್ಮಾಡಿಯ ದಾರಿಯಲ್ಲಿ ಬರುವ ಒಂದೊಂದು ಗಾಡಿಯಲ್ಲಿ ಹತ್ತಿಪ್ಪತ್ತು ಮನೆಯ ಗೋಣಿ. ಒಂದೇ ಮನೆಯಿಂದ ಅತ್ತೆಯದೊಂದು, ಸೊಸೆಯದೊಂದು. ದುಡ್ಡು ತಪ್ಪು ಕೈಗೆ ಹೋದರೆ ಮಾರನೆಯ ವಾರ ಗಾಡಿಯವನಿಗೆ ಊರಿನಲ್ಲಿ ಬೈಗುಳ. ಆದ್ದರಿಂದ ಗೋಣಿ ಯಾರದೋ ಅವರದೇ ಹೆಸರು, ಹೆಂಗಸಾದರೂ ಸರಿ. ಗಾಡಿಯವನು ಹೆಸರು ಬಾಯಿಪಾಠ ಹೇಳುತ್ತಿದ್ದ, ಅಂಗಡಿಯವರು ಬರೆದುಕೊಳ್ಳುತ್ತಿದ್ದರು.

ಮಾಮನ ಬೆರಳು ಹಸನಬ್ಬನ ಗಾಡಿಯ ಪುಟದ ಮೇಲೆ ಇಳಿಯುತ್ತಾ ಬಂದು ಒಂದು ಕಡೆ ನಿಂತಿತು. ಅವರು ಓದಿದರು. ‘ಮುಂಡಾಜೆ ಕಲ್ಲಗುಡ್ಡೆ ಪೂವಕ್ಕೆ. ಸೀಗೆ, ಒಂದು ಗೋಣಿ.’

ಗಿರಿಜಕ್ಕ ಪುಟದತ್ತ ಬಾಗಿದರು. ತುಟಿ ಅಲ್ಲಾಡಿತು. ಹೊಸ ಊರಿನ ಹೆಸರು ಕೇಳಿದವರು ಒಮ್ಮೆ ತಮಗೇ ಹೇಳಿಕೊಳ್ಳುವ ಹಾಗೆ ಹೇಳಿಕೊಂಡರು.

ಆ ಪುಸ್ತಕದಲ್ಲಿ ಪೂವಕ್ಕೆ ತಿಂಗಳಿಗೊಮ್ಮೆ ಬಂದಿದ್ದಾಳೆ; ಕಲ್ಲಗುಡ್ಡೆಯಿಂದ ಬೇರೆ ಹೆಂಗಸಿನ ಹೆಸರಿಲ್ಲ. ಸೀಗೆ, ಅಂಟುವಾಳ, ಒಮ್ಮೆ ಜೇನು. ಕೆಲವೊಮ್ಮೆ ದುಡ್ಡಿನ ಬದಲು ಸಾಮಾನು ತರಿಸಿಕೊಂಡಿದ್ದಾಳೆ. ಬೆಲ್ಲ, ಎಣ್ಣೆ, ಒಂದು ಕಡೆ ‘ಕೈಗನ್ನಡಿ ಒಂದು’. ಗಿರಿಜಕ್ಕ ಅಲ್ಲಿ ಮಾಮನನ್ನು ತಡೆದು ಕೇಳಿದರು. ‘ಕನ್ನಡಿಯಾ? ಸರಿ ಓದಿದ್ರಾ?’ ಹೌದೆಂದ ಮೇಲೆ, ‘ಹಾಗಾದ್ರೆ ಮುಖ ನೋಡಿಕೊಳ್ತಿದ್ದಳು’ ಎಂದು ನನ್ನ ಕಡೆ ತಿರುಗಿ ನಕ್ಕರು. ಕಣ್ಣು ತುಂಬಿತ್ತು.

ಕೊನೆಯ ಗೋಣಿಯ ಮುಂದೆ ಹನ್ನೊಂದಾಣೆ ಎಂದು ಬರೆದು, ಅದರ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು: ‘ಮನೆಯಲ್ಲಿ ಯಾರೂ ಇಲ್ಲ. ಹಸನಬ್ಬ ದುಡ್ಡು ವಾಪಸು ತಂದ. ಅವಳ ಹೆಸರಿಗೆ ಜಮೆ.’

ಕೇಳಿದಿರಾ? ಮುಚ್ಚಿದ ಬಾಗಿಲು, ಸತ್ತ ಹೆಂಗಸು, ಕೇಳುವವರು ಯಾರೂ ಇಲ್ಲ. ಗಾಡಿಯವನು ಅಷ್ಟು ದೂರದಿಂದ ಆ ಹನ್ನೊಂದಾಣೆಯನ್ನು ತಿರುಗಿ ತಂದಿದ್ದಾನೆ. ಇವರು ತೆಗೆದುಕೊಂಡು ಬರೆದಿಟ್ಟಿದ್ದಾರೆ. ಅಷ್ಟಕ್ಕೇ ನಾನು ಬೆರಗಾಗಿ ಕೂತಿದ್ದೆ. ಆದರೆ ಮಾಮ ಆ ಹೆಸರನ್ನೇ ದಿಟ್ಟಿಸುತ್ತಿದ್ದರು.

‘ಈ ಪೂವಕ್ಕೆ ನನಗೆ ಗೊತ್ತುಂಟು’ ಎಂದರು.

ಎದ್ದು ಗಲ್ಲಾದ ಹಿಂದಿನಿಂದ ಈ ವರ್ಷದ ಪುಸ್ತಕ ತಂದರು. ಆ ಅಂಗಡಿಯಲ್ಲಿ ದೀಪಾವಳಿಯ ಅಂಗಡಿ ಪೂಜೆಯ ದಿನ ಹೊಸ ಪುಸ್ತಕ ಹಾಕುತ್ತಾರೆ. ಮೊದಲ ಪುಟದಲ್ಲಿ ಶ್ರೀಕಾರ. ಎರಡನೆಯ ಪುಟದಲ್ಲಿ, ಬೇರೆ ಏನನ್ನೂ ಬರೆಯುವ ಮೊದಲು, ಅಂಗಡಿ ಯಾರಿಗೆ ಕೊಡಲಿಕ್ಕುಂಟೋ ಅವರ ಪಟ್ಟಿ. ನಮಗೆ ಬರಬೇಕಾದದ್ದನ್ನು ಬೇಕಾದರೆ ಬಿಡಬಹುದು, ನಾವು ಕೊಡಬೇಕಾದದ್ದನ್ನು ಬಿಡುವ ಹಕ್ಕು ನಮಗಿಲ್ಲ ಎಂದು ಮಾಮನ ಅಜ್ಜ ಮಾಡಿದ ಕ್ರಮವಂತೆ. ಆ ಪಟ್ಟಿಯ ನಾಲ್ಕನೆಯ ಸಾಲು, ಮಾಮನದೇ ಅಕ್ಷರ: ‘ಮುಂಡಾಜೆ ಕಲ್ಲಗುಡ್ಡೆ ಪೂವಕ್ಕೆ.’

‘ಯಾರು ಎಂತ ಅಂತ ನನಗೆ ಗೊತ್ತಿಲ್ಲ. ಅಪ್ಪ ಬರೀತಿದ್ರು, ನಾನೂ ಬರೆದೆ. ಬರೆಯುವಾಗ ಒಮ್ಮೆ ಬಾಯಲ್ಲಿ ಹೇಳ್ಬೇಕು, ಅದು ನಮ್ಮ ಕ್ರಮ’ ಎಂದರು ಮಾಮ.

ಒಂದೊಂದಾಗಿ ಹಿಂದಿನ ಪುಸ್ತಕಗಳನ್ನು ತೆರೆದೆವು. ಪ್ರತಿ ವರ್ಷ ಎರಡನೆಯ ಪುಟದಲ್ಲಿ ಅವಳಿದ್ದಳು. ಮಾಮನ ಅಕ್ಷರ, ಅವರ ಅಪ್ಪನ ಅಕ್ಷರ, ಅಜ್ಜನ ಅಕ್ಷರ. ಆಣೆ ಹೋಗಿ ನಯಾಪೈಸೆ ಬಂದ ವರ್ಷ ಯಾರೋ ಪಕ್ಕದಲ್ಲಿ ಲೆಕ್ಕ ಮಾಡಿದ್ದಾರೆ. ಹನ್ನೊಂದಾಣೆಗೆ ಅರುವತ್ತೆಂಟು ಮುಕ್ಕಾಲು ಪೈಸೆ. ಮುಕ್ಕಾಲನ್ನು ಕೆಳಗಿಳಿಸದೆ ಮೇಲಕ್ಕೇರಿಸಿ ಅರುವತ್ತೊಂಬತ್ತು ಮಾಡಿದ್ದಾರೆ. ಕಾಲು ಪೈಸೆ ಅಂಗಡಿಯ ಕೈಯಿಂದ. ಮೂವತ್ತು ವರ್ಷ ನಾನು ಕಲಿಸಿದ್ದರಲ್ಲಿ ಇಂಥ ಒಂದು ಸಾಲೂ ಇರಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮಗಳಿಗೆ ಗೊತ್ತಿಲ್ಲದ ಹೆಸರನ್ನು, ಅವಳನ್ನು ಕಾಣದ ಮೂರು ತಲೆಮಾರು, ಎಂಬತ್ತಕ್ಕೂ ಹೆಚ್ಚು ದೀಪಾವಳಿ, ದೇವರ ದೀಪದೆದುರು ಕೂತು ಬಾಯಿಬಿಟ್ಟು ಹೇಳಿ ಬರೆದಿದೆ. ನಾನು ಇದನ್ನು ಗಿರಿಜಕ್ಕನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದೆ. ಅವರು ಪುಸ್ತಕಕ್ಕೆ ಕೈಮುಗಿದರು.

ಮಾಮ ವೀಳ್ಯದೆಲೆಯ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು ತಂದರು. ‘ಅರುವತ್ತೊಂಬತ್ತು ಪೈಸೆಗೆ ಈಗ ಚಿಲ್ಲರೆ ಇಲ್ಲ. ಇದು ನಿಮ್ಮದು, ತಕ್ಕೊಳ್ಳಿ. ನನ್ನ ಕಾಲದಲ್ಲಿ ಇದೊಂದು ಋಣ ತೀರಲಿ.’

ಗಿರಿಜಕ್ಕ ಕೈ ಚಾಚಿದವರು ಅರ್ಧದಲ್ಲೇ ನಿಂತರು. ‘ಇದು ತಕ್ಕೊಂಡ್ರೆ ಪುಸ್ತಕದಲ್ಲಿ ಎಂತ ಮಾಡ್ತೀರಿ?’

‘ಚುಕ್ತಾ ಅಂತ ಗೀಟು ಹಾಕ್ತೇನೆ.’

‘ಬರುವ ದೀಪಾವಳಿಗೆ ಬರೆಯುವುದಿಲ್ಲ?’

‘ಚುಕ್ತಾ ಆದ ಮೇಲೆ ಎಂತ ಬರೆಯುವುದು?’

ಅವರು ಎಲೆಯನ್ನು ಮೆಲ್ಲಗೆ ಮಾಮನ ಕಡೆಗೇ ಸರಿಸಿದರು. ‘ಹಾಗಾದ್ರೆ ಬೇಡ. ಬಾಕಿ ಇರ್ಲಿ.’

ಮಾಮ ಪೇಚಿಗೆ ಸಿಕ್ಕಿದರು. ಬರುವ ದೀಪಾವಳಿಯಿಂದ ಪುಸ್ತಕವೇ ಇಲ್ಲ, ಎಲ್ಲ ಕಂಪ್ಯೂಟರ್. ಶ್ವೇತಾಳನ್ನು ಕರೆದು ಕೇಳಿದರು. ಅವಳು ಎಲ್ಲ ಕೇಳಿಸಿಕೊಂಡು ಕೀಲಿಮಣೆ ಹತ್ತಿರ ಎಳೆದಳು. ‘ಹಾಕುವ ಪಪ್ಪಾ, ಅದಕ್ಕೆಂತ. ಆದರೆ ಮೊಬೈಲ್ ನಂಬರ್ ಇಲ್ಲದೆ ಖಾತೆ ತೆರೆಯುವುದಿಲ್ಲ ಇದು. ಪೂವಕ್ಕೆಯ ನಂಬರ್?’

ಮಾಮ ನನ್ನ ಮುಖ ನೋಡಿದರು. ಗಿರಿಜಕ್ಕ ತಮ್ಮ ನಂಬರಿನ ಹತ್ತು ಅಂಕೆಗಳನ್ನು ಒಂದೊಂದಾಗಿ, ತಪ್ಪಿಲ್ಲದೆ ಹೇಳಿದರು.

ಈ ಸಲದ ದೀಪಾವಳಿ ಮುಗಿಯಿತು. ಅಂಗಡಿ ಪೂಜೆಯ ಸಂಜೆ ಗಿರಿಜಕ್ಕ ಬೇಲಿಯ ದಣಪೆ ದಾಟಿ ಬಂದರು, ಕೈಯಲ್ಲಿ ಫೋನು.

‘ಟೀಚರೆ, ಅಮ್ಮನಿಗೆ ಮೆಸೇಜ್ ಬಂದಿದೆ. ಇಂಗ್ಲಿಷ್ ಅಕ್ಷರ. ಓದಿ ಹೇಳಿ.’

ನಾನು ಓದಿದೆ. ಪ್ರಿಯ ಪೂವಕ್ಕೆಯವರೇ, ದೀಪಾವಳಿಯ ಶುಭಾಶಯಗಳು. ನಿಮ್ಮ ಖಾತೆಯಲ್ಲಿ ಜಮೆ ಇರುವ ಮೊತ್ತ ಸೊನ್ನೆ ರೂಪಾಯಿ ಅರುವತ್ತೊಂಬತ್ತು ಪೈಸೆ. ಅಭ್ಯಾಸಬಲದಿಂದ ನಾನು ಮೊತ್ತದ ಹತ್ತಿರ ನಿಂತು, ಅದು ಸರಿಯಾಗಿದೆ, ಹಿಂದಿನ ಬಾಕಿಗೆ ತಾಳೆಯಾಗುತ್ತದೆ ಎಂದು ವಿವರಿಸಲು ಹೊರಟೆ.

‘ಲೆಕ್ಕ ಬಿಡಿ ಟೀಚರೆ’ ಎಂದರು ಗಿರಿಜಕ್ಕ. ‘ಹೆಸರು ಮಾತ್ರ ಇನ್ನೊಮ್ಮೆ ಓದಿ.’