ಟ್ರೈಲರಿನ ಮೂಲೆಯಲ್ಲಿ ಮೇಷ್ಟ್ರ ಕೈ

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರವಣಿಗೆಯವನಲ್ಲ. ಅಕ್ಷರ ಕಲಿತದ್ದೇ ತಡವಾಗಿ, ಟೈಪಿಂಗ್ ಅಂತೂ ಮೊನ್ನೆ ಮೊನ್ನೆ ಶುರು ಮಾಡಿದ್ದು. ಒಂದೊಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಒತ್ತುತ್ತೇನೆ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿ, ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಮಾತ್ರ ಉದ್ದ ಉಗುರು. ಮಿಕ್ಕಿದ್ದೆಲ್ಲ ಬುಡದವರೆಗೆ ಕತ್ತರಿಸಿ ಅದೊಂದನ್ನು ಚಮಚದ ತುದಿಯ ಹಾಗೆ ಬೆಳೆಸಿದ್ದರು. ಅದರ ಸಂದಿಯಲ್ಲಿ ಯಾವಾಗಲೂ ಕಪ್ಪು ಇಂಕು. ಹಾಳೆಯ ಮೇಲಿನ ತಪ್ಪು ಗೆರೆಯನ್ನು ಕೆರೆದು ತೆಗೆಯುತ್ತಿದ್ದದ್ದು ಆ ಉಗುರಿನಲ್ಲೇ, ಮಧ್ಯಾಹ್ನ ಕಡಲೆಕಾಯಿ ಬಿಡಿಸುತ್ತಿದ್ದದ್ದೂ ಅದರಲ್ಲೇ. ಕರೆಯುವಾಗ ಹೆಸರು ಕೂಗುತ್ತಿರಲಿಲ್ಲ. ಕೈಯನ್ನು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ನಾಲ್ಕು ಬೆರಳನ್ನೂ ಒಟ್ಟಿಗೆ ಮಡಚಿ ಮಡಚಿ ಕರೆಯುತ್ತಿದ್ದರು. ಕೋಳಿಗೆ ಕಾಳು ತೋರಿಸಿದ ಹಾಗೆ.

ನನ್ನನ್ನೂ ಹಾಗೇ ಕರೆದದ್ದು. ತಮಿಳುನಾಡು ಗಡಿಯ ಹೊಸೂರಿನಲ್ಲಿ ಮೇಷ್ಟ್ರಿದ್ದ ಶಾಲೆಯ ಕಾಂಪೌಂಡಿನ ಪಕ್ಕ ನಾನು ದನ ಮೇಯಿಸುತ್ತಿದ್ದೆ. ನನ್ನ ವಯಸ್ಸಿನ ಹುಡುಗರೆಲ್ಲ ಹೈಸ್ಕೂಲಿಗೆ ಹೋಗುವ ಕಾಲ, ನನಗೆ ನನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಕಿಟಕಿಯಿಂದ ಬೋರ್ಡಿನ ಮೇಲಿದ್ದ ಹುಲಿ ಚಿತ್ರ ನೋಡುತ್ತಾ ನಿಂತಿದ್ದೆ. ಮೇಷ್ಟ್ರು ನೋಡಿದರು, ಕೈ ಚಾಚಿದರು.

“ದನ ಅವೆ ಸಾರ್,” ಅಂದೆ.

“ದನ ಎಲ್ಲಿಗೂ ಹೋಗಲ್ಲ, ಬಾರ್ಲಾ.”

ದನ ಹೋದವು. ಪಕ್ಕದ ಅವರೆ ಹೊಲ ಅರ್ಧ ತಿಂದು ಮುಗಿಸಿದವು. ಹೊಲದವನು ನಮ್ಮಪ್ಪನ ಹತ್ತಿರ ಜಗಳಕ್ಕೆ ಬಂದಾಗ ಮೇಷ್ಟ್ರೇ ಮುಂದೆ ಬಂದು ನಿಂತು, “ಕರೆದೋನು ನಾನು, ನನ್ನನ್ನ ಬೈಯಿ,” ಅಂದರು. ಅವನು ಚೆನ್ನಾಗಿಯೇ ಬೈದ. ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮಾರನೇ ದಿನ ನನ್ನನ್ನು ಸಣ್ಣ ಮಕ್ಕಳ ಜೊತೆ ಕೂರಿಸಿದರು.

ಹಾಗೆ ಬಂದವನು ಪ್ಲಸ್ ಟೂ, ಅಂದರೆ ಪಿಯುಸಿ, ಕನ್ನಡ ಮೀಡಿಯಂ ಸೇರುವ ಹೊತ್ತಿಗೆ ಎಂಬತ್ತರ ದಶಕ ಶುರುವಾಗಿತ್ತು. ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಅಣ್ಣ ಅನ್ನುತ್ತಿದ್ದರು. ಆ ವರ್ಷ ಮೇಷ್ಟ್ರ ಭಾಮೈದ, ಹಡಗಿನ ಕೆಲಸದಲ್ಲಿದ್ದವನು, ಒಂದು ಪುಟ್ಟ ಸಿನಿಮಾ ಕ್ಯಾಮೆರಾ ತಂದುಕೊಟ್ಟ. ಜೊತೆಗೆ ಸಣ್ಣದೊಂದು ಪ್ರೊಜೆಕ್ಟರು, ಮತ್ತೆ ಫಿಲ್ಮನ್ನು ಕೈಯಲ್ಲಿ ತಿರುಗಿಸಿ ನೋಡುವ ಪೆಟ್ಟಿಗೆ. ಆ ಪೆಟ್ಟಿಗೆಗೆ ಅಂಗೈಯಗಲದ ಪರದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಫೈಟಿಂಗ್ ಪಿಕ್ಚರ್ ತೆಗೆಯೋಣ ಅಂತ ನಾವು ದುಂಬಾಲು ಬಿದ್ದೆವು.

“ಪಿಕ್ಚರ್‌ಗೆ ಫಿಲ್ಮ್ ಎಲ್ಲೈತ್ಲಾ?” ಅಂದರು ಮೇಷ್ಟ್ರು. “ಟ್ರೈಲರ್ ತೆಗೆಯೋಣ. ನೋಡ್ದೋರು ಮಿಕ್ಕಿದ್ದನ್ನ ಅವರವರ ತಲೇಲೇ ಓಡಿಸ್ಕೋತಾರೆ. ಟ್ರೈಲರ್ ಅಂದ್ರೆ ಊಟ ಬಡಿಸೋದಲ್ಲ, ಒಗ್ಗರಣೆ ವಾಸ್ನೆ ತೋರಿಸಿ ಬಾಗ್ಲು ಹಾಕ್ಕೊಳ್ಳೋದು.”

ಡ್ರಾಯಿಂಗ್ ರೂಮಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಚೌಕಾಬಾರದ ಹಾಗೆ ಮನೆ ಮನೆ ಬರೆದು ಒಂದೊಂದರಲ್ಲಿ ಒಂದೊಂದು ಶಾಟ್ ಬಿಡಿಸಿದರು. ಕಾಡಿನಲ್ಲಿ ದಂತ ಕದಿಯುವ ಗುಂಪು. ಕಲ್ಲಿನ ಹಿಂದೆ ಒಂದು ಕಣ್ಣು. ನೆಲದ ಮೇಲೆ ಕೊಡಲಿಯ ನೆರಳು. ಕೊನೆಯ ಮನೆಯಲ್ಲಿ ಬೈಕಿನ ಮೇಲೆ ಹೀರೋ, ಹಿಂದೆ ಹೊಗೆಯೋ ಹೊಗೆ. ಪಿಕ್ಚರಿಗೆ ‘ಒಂಬತ್ತನೇ ಮೈಲಿ’ ಅಂತ ಹೆಸರಿಟ್ಟೆವು. ಹೆಸರು ಯಾವ ಭಾಷೆಯಲ್ಲಿ ಬರೆಯೋದು ಅಂತ ತಮಿಳು ಹುಡುಗರು, ತೆಲುಗು ಹುಡುಗರು, ನಾವು ಕಿತ್ತಾಡಿದಾಗ ಮೇಷ್ಟ್ರು, “ಮೂರರಲ್ಲೂ ಬರೀರಿ. ಬೈಕಿಗೆ ಯಾವ ಭಾಷೆಲಾ?” ಅಂದರು.

ಕ್ಯಾಮೆರಾ ಹಿಡಿಯಲು ನನಗೆ ಹೇಳಿದರು. “ಕೋಲು ಹಿಡ್ದು ದನ ಕಾದ ಕೈ, ನಡುಗಲ್ಲ.”

ಹೀರೋ ಪಾತ್ರದ ಹುಡುಗ ಜವಳಗಿರಿ ಕಡೆಯವನು. ಅವನನ್ನು ಆಮೇಲೂ ಎಲ್ಲರೂ ಹೀರೋ ಅಂತಲೇ ಕರೆದದ್ದು, ನಾನೂ ಹಾಗೇ ಬರೆಯುತ್ತೇನೆ. ಅವನ ಸೋದರಮಾವ ಮೂಕಂಡಪಲ್ಲಿಯಲ್ಲಿದ್ದುಕೊಂಡು ಕಾರ್ಖಾನೆಗೆ ಹೋಗುತ್ತಿದ್ದ, ಬೈಕ್ ಅವನದು. ಹೀರೋ ಕೂಡ ಅದೇ ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಪರೀಕ್ಷೆ ಪಾಸಾಗಿದ್ದ. ಸಂಕ್ರಾಂತಿ ಕಳೆದ ಮೇಲೆ ಮೆಡಿಕಲ್, ಅದರಲ್ಲಿ ಫಿಟ್ ಅಂದರೆ ಪ್ಲಸ್ ಟೂ ಮುಗಿಯುತ್ತಲೇ ಸೇರಿಸಿಕೊಳ್ಳುತ್ತಿದ್ದರು. ಅವರ ಮನೆತನದಲ್ಲಿ ಸಂಬಳ ಅನ್ನುವುದು ಕಾಣುವವನು ಅವನೇ ಮೊದಲು. ಅವನಪ್ಪ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ, “ನನ್ ಮಗ ಪ್ಯಾಕ್ಟ್ರಿಗೆ ಹೋಯ್ತಾನೆ,” ಅಂತ ಹೇಳಿಯಾಗಿತ್ತು.

ಬೈಕಿನ ಹಿಂದಿನ ಹೊಗೆಗೆ ಏನು ಮಾಡೋದು? ಉಪಾಯ ಹೊಳೆದದ್ದು ಮೇಷ್ಟ್ರಿಗೆ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಗಿಡವನ್ನು ಟಾರ್ ರಸ್ತೆಗೇ ಹರಡುತ್ತಾರೆ. ಬಸ್ಸು, ಲಾರಿ ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಬೈಕು ಜೋರಾಗಿ ಹಾದರೆ ಸಂಜೆ ಬಿಸಿಲಿಗೆ ಹೊಟ್ಟು ಮೇಲೆದ್ದು ಹೊಂಬಣ್ಣದ ಹೊಗೆಯ ಹಾಗೇ ಕಾಣುತ್ತದೆ. ತಳಿ ಊರಿಗೆ ಹೋಗುವ ರಸ್ತೆಯಲ್ಲಿ ಅಂಥ ಜಾಗ ನೋಡಿಕೊಂಡು ಹೋದೆವು. ಹುರುಳಿಯವರು ನಮಗೆ ಕಬ್ಬಿನ ತುಂಡು ಕೊಟ್ಟು, ನಗಾಡುತ್ತಾ ನೋಡುತ್ತಾ ಕೂತರು.

ಮೊದಲನೇ ಸಲ ಹೀರೋ ನಿಧಾನವಾಗಿ ಬಂದ. ಹೊಟ್ಟು ಮೊಣಕಾಲುದ್ದವೂ ಏಳಲಿಲ್ಲ. “ಇನ್ನೊಂದ್ಸಲ,” ಅಂದರು ಮೇಷ್ಟ್ರು. ಅವನು ಬೈಕು ತಿರುಗಿಸಿಕೊಂಡು ದೂರ ಹೋಗುವಷ್ಟರಲ್ಲಿ ಹೆಂಗಸರು ಎದ್ದು ಕೋಲಿನಿಂದ ಗಿಡವನ್ನೆಲ್ಲ ಮಗುಚಿ ಹಾಕಿದರು. ಅದು ಅವರ ದಿನದ ಕೆಲಸ. ಮಗುಚಿದಾಗ ಬಿಟ್ಟ ಕಾಳೆಲ್ಲ ಗಿಡದ ಕೆಳಗೆ, ಟಾರಿನ ಮೇಲೆ ಕೂರುತ್ತದೆ. ಅದರ ಮೇಲೆ ಚಕ್ರ ನಿಲ್ಲಲ್ಲ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ರೈತನ ಮಗ, ಮೇಷ್ಟ್ರು ರೈತನ ಮಗ, ಹೀರೋ ಮನೆಯಲ್ಲೂ ಅದೇ ವಾರ ಹುರುಳಿ ಕಿತ್ತಿದ್ದರು. ಆದರೂ ಆ ಗಳಿಗೆಯಲ್ಲಿ ನಾವ್ಯಾರೂ ಹೊಲದವರಾಗಿರಲಿಲ್ಲ, ಸಿನಿಮಾದವರಾಗಿದ್ದೆವು.

ಬೈಕು ಬಂತು. ಮೇಷ್ಟ್ರು ನನ್ನ ಎಡಕ್ಕೆ ನಿಂತಿದ್ದರು. ನನ್ನ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದರಲ್ಲಿ ಬೈಕು ಬಿಟ್ಟು ಬೇರೇನೂ ಇರಲಿಲ್ಲ. ಹೊಟ್ಟು ಎದ್ದಿತು, ನಿಜಕ್ಕೂ ಹೊಗೆಯ ಹಾಗೇ. ಆಮೇಲೆ ಬೈಕು ಒಂದು ಕಡೆ ಜಾರಿತು, ಹುಡುಗ ಇನ್ನೊಂದು ಕಡೆ.

ಮಂಡಿ ಚಿಪ್ಪು ಪುಡಿಯಾಗಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಯ್ದರು. ನಡೀತಾನೆ, ಮಂಡಿ ಮಾತ್ರ ಮಡಚಲ್ಲ ಅಂದರು ಡಾಕ್ಟರು. ಮೆಡಿಕಲ್ ದಿನ ಅವನು ಹಾಸಿಗೆಯ ಮೇಲೆ ಇದ್ದ.

ಹೆಡ್‌ಮಾಸ್ಟರು ಕೇಳಿದಾಗ ಹೀರೋ, “ಸಾರ್ ನಿಧಾನ ಅಂದ್ರು, ನಾನೇ ಜೋರಾಗ್ ಬಂದ್ಬುಟ್ಟೆ,” ಅಂದ. ಹುಡುಗನ ದುಡುಕು ಅಂತ ಅಲ್ಲಿಗೆ ಮುಗಿಯಿತು. ಅವನಪ್ಪ ಆಸ್ಪತ್ರೆಯಲ್ಲಿ ಎಲ್ಲರ ಮುಂದೆ, “ಇವನ್ಗೆ ಬೈಕ್ ಕೊಟ್ಟಿದ್ದೇ ತಪ್ಪು, ಮೆರೆದ್ಬುಟ್ಟ ನನ್ಮಗ,” ಅಂತ ಬೈದ. ಹುಡುಗ ಗೋಡೆ ಕಡೆ ತಿರುಗಿ ಮಲಗಿದ.

ಮೇಷ್ಟ್ರು ಮಾತ್ರ ಊಟ ಬಿಟ್ಟವರ ಹಾಗೆ ಆದರು. ಒಂದು ದಿನ ನನ್ನನ್ನು ಡ್ರಾಯಿಂಗ್ ರೂಮಿಗೆ ಕರೆದು ಕೇಳಿದರು.

“ನಾನು ಅವತ್ತು ಕೈ ಎತ್ತಿದ್ದೆ. ನಿಲ್ಲು ಅಂತ ಎತ್ತಿದ್ನಾ, ಬಾ ಅಂತ ಎತ್ತಿದ್ನಾ? ನೀನು ಪಕ್ಕದಲ್ಲೇ ಇದ್ದೆ.”

“ನಾನು ನೋಡ್ಲಿಲ್ಲ ಸಾರ್.”

“ನಿಲ್ಲು ಅಂತಲೇ ಇರ್ಬೇಕು,” ಅಂದರು. ಆಮೇಲೆ, “ನನಗೇ ಗೊತ್ತಾಯ್ತಾ ಇಲ್ಲ ಕಣ್ಲಾ,” ಅಂದರು.

ಫಿಲ್ಮನ್ನು ತೊಳೆಯಲು ಬೊಂಬಾಯಿಗೆ ಪಾರ್ಸಲ್ ಕಳಿಸಿದ್ದೆವು. ಅದು ವಾಪಸು ಬರಲು ವಾರಗಟ್ಟಲೆ ಹಿಡಿಯಿತು. ಪೋಸ್ಟ್‌ಮನ್ ಗೇಟಿನಲ್ಲಿ ಕಂಡರೆ ಮೇಷ್ಟ್ರು ಬೋರ್ಡಿನ ಮೇಲಿನ ಗೆರೆಯನ್ನು ಅರ್ಧಕ್ಕೇ ನಿಲ್ಲಿಸಿ ನೋಡುತ್ತಿದ್ದರು. ಬಂದ ದಿನ ಮೇಷ್ಟ್ರು, ನಾನು, ದಂತಚೋರನ ವೇಷ ಹಾಕಿದ್ದ ಹುಡುಗ, ಮೂವರೇ ಬಾಗಿಲು ಹಾಕಿಕೊಂಡು ಪೆಟ್ಟಿಗೆಯಲ್ಲಿ ನೋಡಿದೆವು. ಕಲ್ಲು, ಕಣ್ಣು, ಕೊಡಲಿ ಎಲ್ಲ ಚೆನ್ನಾಗಿ ಬಂದಿದ್ದವು. ಆಮೇಲೆ ರಸ್ತೆ. ದೂರದಲ್ಲಿ ಬೈಕು. ಎಡಗಡೆ ಮೂಲೆಯಿಂದ ಒಂದು ಕೈ ಬಂತು. ಅಂಗೈ ಮೇಲೆ. ನಾಲ್ಕು ಬೆರಳು ಮಡಚಿ, ಮಡಚಿ, ಮಡಚಿ.

ತಿರುಗಿಸುತ್ತಿದ್ದ ಮೇಷ್ಟ್ರ ಕೈ ಅಲ್ಲಿಗೇ ನಿಂತಿತು.

ದಂತಚೋರ ಮೆಲ್ಲಗೆ ಹೇಳಿದ. “ಸಾರ್, ಕೈ ಇರೋ ತುದಿ ಕತ್ತರ್ಸಿ ಬಿಸಾಕ್ಬುಡಿ. ಆಮೇಲಿಂದ ಇಟ್ಕೊಂಡ್ರೆ ಯಾರ್ಗೆ ಗೊತ್ತಾಯ್ತದೆ? ಬೀಳೋದು ಸಕತ್ತಾಗ್ ಬಂದೈತೆ. ಹೀರೋನೂ ಅದೇ ಹೇಳವ್ನೆ, ಬಿದ್ದಿದ್ದು ದಂಡ ಆಗ್ಬಾರ್ದು, ಹಾಕ್ಬೇಕು ಅಂತ.”

ಮೇಷ್ಟ್ರು ಆ ಉದ್ದ ಉಗುರನ್ನು ಫಿಲ್ಮಿನ ಮೇಲಿಟ್ಟರು. ಕೈ ಮರೆಯಾಗಿ ಬರೀ ರಸ್ತೆ ಶುರುವಾಗುವ ಜಾಗ.

“ಉಗುರಗಲ ಜಾಗ ಕಣ್ಲಾ,” ಅಂದರು. “ಇಲ್ಲಿ ಕತ್ತರ್ಸಿದ್ರೆ ತಪ್ಪು ಅವನ್ದು. ಕತ್ತರ್ಸದೇ ಇದ್ರೆ ನಂದು.”

ಮಾರನೇ ದಿನ ಎರಡನೇ ಸಲ ತೆಗೆದದ್ದನ್ನು ಮೊದಲಿಂದ ಕೊನೆಯವರೆಗೆ ಒಂದೇ ತುಂಡಾಗಿ ಬಿಡಿಸಿ, ಆ ಪೆಟ್ಟಿಗೆಯ ಜೊತೆ ಟವಲಿನಲ್ಲಿ ಕಟ್ಟಿಕೊಂಡು ಜವಳಗಿರಿ ಬಸ್ಸು ಹತ್ತಿದರು. ನನ್ನನ್ನೂ ಕರೆದುಕೊಂಡರು. ಹೀರೋ ಮನೆಯಲ್ಲಿ ಕರೆಂಟ್ ಇರಲಿಲ್ಲ. ಪೆಟ್ಟಿಗೆಯ ಹಿಂದಿನ ಮುಚ್ಚಳ ತೆಗೆದು ನಾನು ಟಾರ್ಚ್ ಹಿಡಿದೆ. ಹೀರೋ ಮಂಚದ ಮೇಲಿಂದ, “ಬ್ಯಾಡ ಸಾರ್, ಅಪ್ಪನ್ಗೆ ಯಾಕೆ ಸಾರ್,” ಅನ್ನುತ್ತಲೇ ಇದ್ದ.

ಅವನಪ್ಪ ಬಗ್ಗಿ ನೋಡಿದ. ಮೇಷ್ಟ್ರು ತಿರುಗಿಸಿದರು. “ಅದು ನನ್ನ ಕೈ,” ಅಂದರು. “ನಿಮ್ಮ ಮಗ ಮೆರೆದಿಲ್ಲ. ನಾನು ಕರೆದೆ, ಬಂದ.”

ಅವನಪ್ಪ ತಾನೇ ಪೆಟ್ಟಿಗೆಯ ಹಿಡಿ ಹಿಡಿದುಕೊಂಡು ಹಿಂದಕ್ಕೆ ತಿರುಗಿಸಿದ. ಮತ್ತೆ ಮುಂದಕ್ಕೆ. ಬೀಳುವ ಜಾಗ ಬರುವ ಮೊದಲೇ ನಿಲ್ಲಿಸಿ ಮತ್ತೆ ಹಿಂದಕ್ಕೆ. ಎಷ್ಟೋ ಹೊತ್ತು ಹಾಗೇ. ನನ್ನ ಟಾರ್ಚಿನ ಬೆಳಕು ಮಂಕಾಗತೊಡಗಿತು.

“ಇವ್ನು ಗಾಡಿ ಓಡ್ಸೋದು ನಾನು ನೋಡೇ ಇರ್ಲಿಲ್ಲ,” ಅಂದ ಕೊನೆಗೆ. “ಚೆನ್ನಾಗ್ ಓಡಿಸ್ತಿದ್ದ, ಅಲ್ವಾ?”

ಮಂಚದ ಮೇಲಿದ್ದ ಮಗನನ್ನು ಒಂದು ಸಲ ನೋಡಿ ಮೇಷ್ಟ್ರ ಕಡೆ ತಿರುಗಿದ.

“ಮೇಷ್ಟ್ರೇ, ಸಾರು ಹೇಳ್ದಂಗೆ ಕೇಳ್ಳಾ ಅಂತ ಹೇಳಿ ಇಸ್ಕೂಲ್ಗೆ ಕಳಿಸ್ದೋನು ನಾನೇ. ಕೇಳವ್ನೆ.” ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಎದ್ದ. “ಈ ಫಿಲ್ಮ್ ತುಂಡ್ನ ಇಲ್ಲೇ ಬುಟ್ಟು ಹೋಗಿ. ಹೊತ್ತು ಮುಳುಗ್ತಾ ಐತೆ, ಆನೆ ಇಳಿಯೋ ದಾರಿ. ಬಸ್ಸಿನ ತಾವ ಬತ್ತೀನಿ, ನಡೀರಿ.”

ಅವನು ನಮ್ಮ ಮುಂದೆ ಮುಂದೆ ನಡೆದ. ಬಸ್ಸು ಬರುವವರೆಗೆ ನಿಂತ. ಮೇಷ್ಟ್ರು ಕೈ ಮುಗಿದರು. ಅವನು ಮುಗಿಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಮೇಷ್ಟ್ರು ಬಸ್ಸಿನಲ್ಲಿ ಒಂದೇ ಒಂದು ಸಲ ಹೇಳಿದರು. ಆಮೇಲೆ ಬೈಕನ್ನು ಕರೆದದ್ದು ತಾವೇ ಅಂತ ಹೆಡ್‌ಮಾಸ್ಟರಿಗೂ ಹೋಗಿ ಹೇಳಿದರು. ಅವರು, ಇನ್ನು ಮೇಲೆ ಕ್ಯಾಮೆರಾ ಹುಡುಗರ ಹತ್ತಿರ ತರಕೂಡದು ಅಂತ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು.

ಟ್ರೈಲರ್ ಮುಗಿಸಬೇಕು ಅಂತ ಹಟ ಹಿಡಿದವನು ಹೀರೋನೇ. ಮೇಷ್ಟ್ರು ಡ್ರಾಯಿಂಗ್ ರೂಮಿನಲ್ಲಿ ಫಿಲ್ಮಿನ ತುಂಡುಗಳನ್ನು ಹೆಗಲಿಗೆ ಹಾಕಿಕೊಂಡು, ಉಗುರಿನಲ್ಲಿ ಟೇಪು ಎಬ್ಬಿಸಿ ಅಂಟಿಸುತ್ತಾ ಒಂದೊಂದೇ ಸೇರಿಸಿದರು. ಎರಡನೇ ಸಲ ತೆಗೆದದ್ದು ಅದರಲ್ಲಿ ಇರಲೇ ಇಲ್ಲ. ಮೊದಲನೇ ಸಲದ, ನಿಧಾನವಾಗಿ ಬಂದ ಬೈಕು ಅಷ್ಟೇ. ಅದನ್ನೂ ಹುರುಳಿ ಹತ್ತಿರ ಬರುವ ಮೊದಲೇ ಕತ್ತರಿಸಿ ಹೆಸರು ಹಾಕಿದರು.

ವಾರ್ಷಿಕೋತ್ಸವದ ಸಂಜೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಟೇಪ್‌ರೆಕಾರ್ಡರಿನಲ್ಲಿ ತಗಡಿನ ಡಬ್ಬ ಬಡಿದ ಸದ್ದು, ಬೈಕಿನ ಸದ್ದು. ಹುಡುಗರು ಶಿಳ್ಳೆ ಹೊಡೆದರು. ಬೈಕು ಬಂತು, ಬಂತು, ‘ಒಂಬತ್ತನೇ ಮೈಲಿ’ ಅಂತ ಮೂರು ಭಾಷೆಯಲ್ಲಿ ಬಂತು, ಕತ್ತಲಾಯಿತು. ಹಿಂದಿನಿಂದ ಯಾರೋ ಕೂಗಿದರು, “ಆಮೇಲೇನಾಯ್ತ್ಲಾ?”

ಮುಂದಿನ ಬೆಂಚಿನಲ್ಲಿ ಕಾಲು ನೀಡಿಕೊಂಡು ಕೂತಿದ್ದ ಹೀರೋ ಕೋಲು ಎತ್ತಿ ಹೇಳಿದ, “ಆಮೇಲೆ ನಾನ್ ಬಿದ್ದೆ ಕಣ್ಲಾ.”

ಇಡೀ ಶಾಲೆ ನಕ್ಕಿತು. ಮೇಷ್ಟ್ರು ಪ್ರೊಜೆಕ್ಟರಿನ ಬಿಸಿ ಬಲ್ಬು ಆರುವುದನ್ನೇ ನೋಡುತ್ತಾ ನಿಂತಿದ್ದರು. ಮುಂದಿನ ಸೋಮವಾರ ನೋಡಿದರೆ ಆ ಉಗುರು ಇರಲಿಲ್ಲ. ಮತ್ತೆ ಬೆಳೆಸಲೂ ಇಲ್ಲ. ತಪ್ಪು ಗೆರೆ ಬಂದರೆ ಹಾಗೇ ಬಿಟ್ಟುಬಿಡುತ್ತಿದ್ದರು.

ಆದರೆ ಭಾನುವಾರ ಭಾನುವಾರ ಜವಳಗಿರಿಗೆ ಹೋಗುವುದನ್ನು ಬಿಡಲಿಲ್ಲ. ಮೊದಮೊದಲು ಅವನಪ್ಪ ಇವರು ಬಂದರೆ ಎದ್ದು ಹೊಲಕ್ಕೆ ಹೋಗುತ್ತಿದ್ದ. ಇವರು ಜಗಲಿಯ ಮೇಲೆ ಕೂತು ಹೀರೋಗೆ ಫಿಲ್ಮ್ ಕತ್ತರಿಸುವುದು, ಅಂಟಿಸುವುದು, ಯಾವುದರ ಪಕ್ಕ ಯಾವುದು ಕೂರಬೇಕು ಅನ್ನುವುದು ಹೇಳಿಕೊಡುತ್ತಿದ್ದರು. ವಿಡಿಯೋ ಬಂದ ಮೇಲೆ ಹೀರೋ ಕೃಷ್ಣಗಿರಿಯಲ್ಲಿ ಮದುವೆ ವಿಡಿಯೋ ಮಾಡುವವರ ಹತ್ತಿರ ಸೇರಿ, ಆಮೇಲೆ ತಾನೇ ಅಂಗಡಿ ಇಟ್ಟ. ಕೂತು ಮಾಡುವ ಕೆಲಸ, ಮಂಡಿ ಮಡಚಬೇಕಿಲ್ಲ.

ಎಂಬತ್ತರ ದಶಕ ಮುಗಿಯುವ ಮೊದಲೇ ಮೇಷ್ಟ್ರು ಕಾಮಾಲೆ ಬಂದು ತೀರಿಕೊಂಡರು. ಹಾರ ಹಾಕಲು ಫೋಟೋ ಹುಡುಕಿದರೆ ಮದುವೆಯ ಫೋಟೋ ಬಿಟ್ಟು ಬೇರೆ ಇರಲಿಲ್ಲ. ಎಲ್ಲರ ಚಿತ್ರ ಬರೆದವರು, ತೆಗೆದವರು, ತಾವು ಎಲ್ಲೂ ನಿಂತಿರಲಿಲ್ಲ. ಹೀರೋ ಬಂದ, ಅವನಪ್ಪನೂ ಬಂದಿದ್ದ. ಹೆಗಲಲ್ಲಿ ಕ್ಯಾಮೆರಾ ಚೀಲ ನೋಡಿ ಯಾರೋ, “ಕಡೇದಾಗಿ ಒಂದು ವಿಡಿಯೋ ತೆಗ್ದ್ಬುಡಪ್ಪ,” ಅಂದರು. ಅವನು ತಲೆ ಅಲ್ಲಾಡಿಸಿದ. ನನ್ನ ಪಕ್ಕ ಬಂದು, ಕಾಲು ಉದ್ದ ನೀಡಿ ಕೂತು ಹೇಳಿದ.

“ಅಣ್ಣ, ಸಾರ್‌ದು ಓಡೋ ಚಿತ್ರ ಅಂತ ಒಂದು ಐತಲ್ಲ, ಆ ಕೈ ಬರೋ ತುಂಡು. ಅಪ್ಪ ಸೀರೆ ಪೆಟ್ಟಿಗೇಲಿ ಇಟ್ಟವ್ರೆ. ಬೇರೆಯವ್ರದ್ದು ಎಷ್ಟೋ ಕತ್ತರಿಸಿದೀನಿ. ಅದನ್ನ ಮಾತ್ರ ಒಂದ್ ಕಡೇನೂ ಕತ್ತರ್ಸಿಲ್ಲ.”

ಆ ತುಂಡನ್ನು ಆಮೇಲೆ ನಾನೂ ಒಂದು ಸಲ ನೋಡಿದೆ. ಬೀಳುವುದನ್ನು ನೋಡಲಿಲ್ಲ. ಮೂಲೆಯಿಂದ ಬರುವ ಕೈ ನೋಡಿದೆ. ಅದೇ ಅಂಗೈ, ಅದೇ ನಾಲ್ಕು ಬೆರಳು, ಹೆಬ್ಬೆರಳಿನ ಉದ್ದ ಉಗುರು. ಆ ಕೈ ಕರೆದಾಗ ಅವನು ಹೋದ, ಅವನ ಮಂಡಿ ಹೋಯಿತು. ಅದೇ ಕೈ ಕರೆದಾಗ ನಾನೂ ದನ ಬಿಟ್ಟು ಹೋಗಿದ್ದೆ. ಅದಕ್ಕೇ ಇವತ್ತು ನಿಮಗೆ ಇಷ್ಟು ಬರೆಯಲು ಸಾಧ್ಯವಾಯಿತು. ಎರಡನ್ನೂ ಪಕ್ಕಪಕ್ಕ ಹೇಗೆ ಕೂರಿಸಬೇಕೋ, ಅದನ್ನು ಮಾತ್ರ ಮೇಷ್ಟ್ರು ಹೇಳಿಕೊಡಲಿಲ್ಲ.

ನಿಮ್ಮನ್ನೂ ಯಾರಾದರೂ ಹೀಗೆ ಕರೆದಿರಬಹುದು, ನೀವು ಹೋಗಿರಬಹುದು. ಅಲ್ಲಿ ಸಿಕ್ಕಿದ್ದೇನು, ಕಳೆದದ್ದೇನು, ಎರಡನ್ನೂ ಬರೆದು ಕಳಿಸಿ. ನಾನು ಓದುವುದೂ ನಿಧಾನ, ಆದರೆ ಪೂರ್ತಿ ಓದುತ್ತೇನೆ.