ಅತ್ತೆಯ ಬೈಗುಳ, ಅವ್ವನ ಬೈಗುಳ

ನಮ್ಮ ಮನೆಯಲ್ಲಿ ಬಹಳ ಕಾಲ ಒಂದು ಮಾತನ್ನು ಆಡುವಂತಿರಲಿಲ್ಲ: ‘ನಮ್ಮ ತವರಿನಾಗ.’ ಮದುವೆಯಾಗಿ ಚಂದಾಪುರಕ್ಕೆ ಬಂದ ಹೊಸತರಲ್ಲಿ, ನಮ್ಮ ತವರಿನಾಗ ಸಾರಿಗೆ ಹುಣಸೆಹಣ್ಣು ಸ್ವಲ್ಪ ಜಾಸ್ತಿ ಹಾಕ್ತಾರ ಎಂದುಬಿಟ್ಟೆ. ಅತ್ತೆ ಕೈಯಲ್ಲಿನ ಸೌಟನ್ನೂ ಕೆಳಗಿಡದೆ ಹೇಳಿದರು: “ಹಂಗಾರ ಅಲ್ಲೇ ಉಣಬೇಕಿತ್ತಲ್ಲ ಯವ್ವಾ.” ಅಂದಿಗೆ ನನ್ನ ಹೋಲಿಕೆಗಳು ಬಾಯಿ ಮುಚ್ಚಿದವು.

ತೆಲುಗು ಅದಕ್ಕೂ ಮೊದಲೇ ನಿಂತಿತ್ತು. ನನ್ನ ತವರು ಕುಂಚಾವರಂ ಕಡೆಯ ಸಣ್ಣ ಊರು. ಅಪ್ಪನದು ಕನ್ನಡ, ಅವ್ವನದು ತೆಲುಗು. ಗಂಡನ ಮನೆಯ ಮೊದಲ ಊಟದಲ್ಲಿ ಅತ್ತೆ ಇನ್ನೊಂದು ರೊಟ್ಟಿ ಹಾಕಲು ಬಂದಾಗ, ಗಾಬರಿಯಲ್ಲಿ ಅವ್ವನ ಭಾಷೆ ಬಾಯಿಗೆ ಬಂತು: “ವದ್ದು, ವದ್ದು!” ತೆಲುಗಿನಲ್ಲಿ ಅದು ‘ಬೇಡ’. ನಮ್ಮ ಕಡೆಯ ಕನ್ನಡದಲ್ಲಿ ಅದು ಕಾಲಿನಿಂದ ಮಾಡುವ ಕೆಲಸ. “ಯಾರಿಗಿ ವದೀತೀಯವ್ವಾ, ನನಗೋ ರೊಟ್ಟಿಗೋ?” ಎಂದರು ಅತ್ತೆ. ಪಂಕ್ತಿಯೆಲ್ಲ ನಕ್ಕಿತು. ನಾನು ಆ ಭಾಷೆಯನ್ನು ಮಡಿಚಿ ಟ್ರಂಕಿನ ತಳಕ್ಕೆ ಇಟ್ಟೆ.

ಇಂಥವಳು ಮಗಳ ಮದುವೆ ಮುಗಿದ ಮೇಲೆ, ಬಸ್ಸು ಹೇಗೂ ಹೆಂಗಸರಿಗೆ ಫ್ರೀ ಎಂಬ ಧೈರ್ಯದಲ್ಲಿ, ಕಲಬುರಗಿಗೆ ಹೋಗಿ ಎಂ.ಎ.ಗೆ ಹೆಸರು ಹಚ್ಚಿದೆ. ವಿಷಯ, ತೌಲನಿಕ ಸಾಹಿತ್ಯ ಮತ್ತು ಸಂಸ್ಕೃತಿ. ನಮ್ಮವರದು ಕಿರಾಣಿ ಅಂಗಡಿ. “ತೌಲನಿಕ ಅಂದ್ರ ತೂಗೋದಲ್ಲೇನು? ತಕ್ಕಡಿ ನಮ್ಮ ಅಂಗಡ್ಯಾಗೇ ಅದಲ್ಲ, ಕಲಬುರಗಿ ತನಕ ಯಾಕ ಹೋಗ್ತಿ?” ಎಂದು ಕೇಳಿದರು. ಸೊಸೆಯಾದವಳು ಮನೆಯಲ್ಲಿ ಮಾಡಿದರೆ ಜಗಳವಾಗುವ ಕೆಲಸಕ್ಕೆ ವಿಶ್ವವಿದ್ಯಾಲಯ ಡಿಗ್ರಿ ಕೊಡುತ್ತದೆ ಎಂಬುದನ್ನು ಅವರಿಗೆ ಹೇಗೆ ಹೇಳಲಿ?

ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಹುಡುಗರೆಲ್ಲ ದೊಡ್ಡ ದೊಡ್ಡ ಕಾವ್ಯಗಳನ್ನು ಹಂಚಿಕೊಂಡರು. ನಮ್ಮ ಗೈಡ್ ಮೇಡಂ, “ನಿಮಗ ಮನ್ಯಾಗ ಏನ್ ಕೇಳ್ತದ ಅದನ್ನೇ ಬರೀರಿ” ಎಂದರು. ಮನೆಯಲ್ಲಿ ಕೇಳುವುದು ಬೈಗುಳ. ಹಾಗಾಗಿ ಕನ್ನಡ ಮತ್ತು ತೆಲುಗು ಬೈಗುಳಗಳ ಹೋಲಿಕೆ. ಕನ್ನಡಕ್ಕೆ ಅತ್ತೆ, ತೆಲುಗಿಗೆ ಅವ್ವ. ಒಪ್ಪಿಕೊಂಡು ಬಸ್ಸು ಹತ್ತಿದ ಮೇಲೆ ಅತ್ತೆಯ ನೆನಪಾಯಿತು. ಸಾರಿನ ಹುಣಸೆಹಣ್ಣನ್ನೇ ಹೋಲಿಸಬಾರದ ಮನೆಯಲ್ಲಿ, ಅತ್ತೆಯನ್ನೇ ಬೀಗತಿಯ ಪಕ್ಕ ನಿಲ್ಲಿಸಿದ್ದು ಅವರಿಗೆ ತಿಳಿದರೆ? ಅಷ್ಟು ವರ್ಷ ತಾಳ್ಮೆಯಿಂದ ಕಟ್ಟಿಕೊಂಡ ಸಮಾಧಾನ ಒಂದೇ ಸಂಜೆಗೆ ಮುರಿಯುತ್ತಿತ್ತು. ಅವರಿಗೆ ಹೇಳಲಿಲ್ಲ.

ಬೈಗುಳ ಕೇಳಿ ಪಡೆಯುವ ವಸ್ತುವಲ್ಲ. “ಅತ್ತಿ, ಸಿಟ್ಟ ಬಂದ್ರ ನೀವು ಏನಂತ ಬೈತೀರಿ?” ಎಂದು ಮೆಲ್ಲಗೆ ಕೇಳಿ ನೋಡಿದೆ. “ನಾ ಯಾರಿಗಿ ಬೈತೀನಿ? ಬಾಯಿ ಸತ್ತಾಕಿ ನಾ” ಎಂದರು. ಆಗಲೇ ಪಕ್ಕದ ಮನೆಯ ಆಡು ಅಂಗಳದಲ್ಲಿ ಒಣಹಾಕಿದ ತೊಗರಿಗೆ ಬಾಯಿ ಹಾಕಿತು. ಸತ್ತ ಬಾಯಿ ಎದ್ದು ಕೂತಿತು: “ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಿನ್ನ ಹಲ್ಲ ಉದುರ್ಲಿ! ನಿನ್ನ ಸಾಕಿದಾಕಿ ಮುಖಾ ಸುಡ್ಲಿ!” ಸಾಕಿದಾಕೆ ಗೋಡೆಯಾಚೆ ಕೆಮ್ಮಿದಳು. ನಾನು ಒಲೆಯ ಮುಂದೆ ಕೂತು ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡೆ. ಆ ಆಡಿಗೆ ಪ್ರಬಂಧದಲ್ಲಿ ಕೃತಜ್ಞತೆ ಹೇಳಬೇಕಿತ್ತು, ಮರೆತೆ.

ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು, ಅವಳ ಬೈಗುಳವನ್ನು ನೆನಪಿನಿಂದಲೇ ತೆಗೆಯಬೇಕಿತ್ತು. ಅವಳು ಹರಸಿದ ಮಾತು ಒಂದೂ ಸರಿಯಾಗಿ ನೆನಪಾಗಲಿಲ್ಲ, ಬೈದದ್ದು ಒಂದೂ ಮರೆತಿರಲಿಲ್ಲ. “ನೀ ನೋಟ್ಲ ಮನ್ನು ಪಡ” ಎನ್ನುತ್ತಿದ್ದಳು. ನಿನ್ನ ಬಾಯಿಗೆ ಮಣ್ಣು ಬೀಳಲಿ ಎಂದೇ ಅರ್ಥ. ಗಡಿಯ ಆಚೆಗೂ ಈಚೆಗೂ ಅದೇ ಮಣ್ಣು, ಅದೇ ಬಾಯಿ. ಮಣ್ಣು ಮಣ್ಣು ಎನ್ನುತ್ತ ಇಬ್ಬರೂ ಆ ಬಾಯಿಗೆ ಹಾಕಿದ್ದು ರೊಟ್ಟಿಯನ್ನೇ.

ವ್ಯಾಕರಣವೂ ಈ ತಾಯಂದಿರ ಕಡೆಗಿದೆ. ‘ಚೆನ್ನಾಗಿರಲಿ’ ಎಂಬಲ್ಲಿನ ‘ಲಿ’, ‘ಸುಟ್ಟು ಹೋಗಲಿ’ ಎಂಬಲ್ಲೂ ಇದೆ. ಶಾಲೆಯಲ್ಲಿ ಅದನ್ನು ವಿಧ್ಯರ್ಥ ಎಂದು ಕಲಿಸಿದ್ದರು. ಹರಕೆಗೂ ಶಾಪಕ್ಕೂ ಕನ್ನಡ ಒಂದೇ ಪ್ರತ್ಯಯ ಇಟ್ಟುಕೊಂಡಿದೆ, ಒಂದೇ ಸೌಟಿನಲ್ಲಿ ಸಾರನ್ನೂ ಪಾಯಸವನ್ನೂ ಬಡಿಸಿದ ಹಾಗೆ. ಮೌಖಿಕ ಪರೀಕ್ಷೆಯಲ್ಲಿ ಇದನ್ನೇ ಹೇಳಿದೆ. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ತಾಯಿ ಏನೆಂದು ಬೈಯುತ್ತಿದ್ದರು ಎಂದು ಹೇಳತೊಡಗಿದರು. ಪಾಸಾದೆ. ಆದರೆ ಅರ್ಧ ಉಸಿರು ಮಾತ್ರ ಹೊರಗೆ ಬಂತು, ಇನ್ನರ್ಧ ಅತ್ತೆಯ ಹತ್ತಿರ ಸಿಕ್ಕಿಕೊಂಡಿತ್ತು.

ಹೋದ ತಿಂಗಳು ಮೇಡಂ ಚಿಂಚೋಳಿಗೆ ಯಾವುದೋ ಮದುವೆಗೆ ಬಂದವರು ಹೇಳದೆ ಕೇಳದೆ ನಮ್ಮ ಮನೆಗೂ ಬಂದರು. “ಬರ್ರಿ, ಕುಂದ್ರಿ” ಎನ್ನುವಷ್ಟರಲ್ಲಿ ಅವರು ಅತ್ತೆಯ ಪಕ್ಕವೇ ಕೂತು, “ಅಜ್ಜೀ, ನಿಮ್ಮನ್ನ ನೋಡ್ಬೇಕಂತಲೇ ಬಂದೀನ್ರಿ. ನಿಮ್ಮ ಸೊಸಿ ನಿಮ್ಮ ಬೈಗುಳಾನೂ ಅವರವ್ವನ ಬೈಗುಳಾನೂ ಹೋಲಿಸಿ ಭಾಳ ಛಂದ ಬರದಾಳ” ಎಂದರು.

ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತೆ. ಅತ್ತೆ ಬಾಯಲ್ಲಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. ನನ್ನ ಕಡೆ ತಿರುಗಿದರು.

“ಏನಂತ ಬೈತಿದ್ಲು ನಿಮ್ಮವ್ವ?”

ಮದುವೆಯಾದಂದಿನಿಂದ ಅವರು ನನ್ನ ಅವ್ವನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. “ನೀ ಜಿಮ್ಮಡ, ಅಂತಿದ್ಲುರಿ. ನಿನ್ನ ನಾಲಿಗಿ ಬಿದ್ದು ಹೋಗ್ಲಿ ಅಂತ.”

“ಯಾಕ?”

“ಎದುರ ಮಾತಾಡ್ತಿದ್ದೆ.”

ಅತ್ತೆ ತೊಡೆ ತಟ್ಟಿ ನಕ್ಕರು. “ಛಲೋ ಬೈದಾಳ ಆಕಿ! ಅದಕ್ಕೇ ನೀ ಇಷ್ಟರ ನೆಟ್ಟಗ ಬಂದಿ. ಇಲ್ಲಂದ್ರ ನನ್ನ ಕೈಲಿ ಆಗ್ತಿತ್ತೇನು?” ಆಮೇಲೆ ಮೇಡಂಗೆ, “ಅವತ್ತ ಏನಂತ ಬೈತೀರಿ ಅಂತ ಕೇಳಿದಾಕಿ, ಆಡಿಗಿ ಬೈದದ್ದಷ್ಟೇ ಬರದಾಳೇನು? ನನ್ನ ಹತ್ರ ಇನ್ನಾ ಭಾಳ ಅವ, ಬರಕೊಳ್ರಿ” ಎಂದು ಶುರುಮಾಡಿದರು. ನಡುವೆ ಅಂಗಡಿಯಿಂದ ಬಂದ ನಮ್ಮವರು ಎಲ್ಲವೂ ತಮಗೇ ಎಂದುಕೊಂಡು ಹಾಗೇ ತಿರುಗಿ ಹೋದರು.

ತೌಲನಿಕ ಅಧ್ಯಯನದಲ್ಲಿ ‘ಪ್ರಭಾವ’ ಎಂದು ಒಂದು ಪಾಠವಿದೆ. ಒಂದು ಭಾಷೆಯ ನುಡಿ ಇನ್ನೊಂದಕ್ಕೆ ಹೇಗೆ, ಯಾವಾಗ ದಾಟುತ್ತದೆ ಎಂಬ ಬಗ್ಗೆ ಪಂಡಿತರಲ್ಲಿ ಬಹಳ ವಾದಗಳಿವೆ. ನಾನು ಕಣ್ಣಾರೆ ಕಂಡಿದ್ದೇನೆ. ಮೇಡಂ ಹೋದ ಮೇಲೆ ಬಾಗಿಲಲ್ಲಿ ಸುಮ್ಮನೆ ನಿಂತುಬಿಟ್ಟಿದ್ದೆ. ಒಳಗಿನಿಂದ ಅತ್ತೆ ಕೂಗಿದರು: “ಏ, ನೀ ಜುಮ್ಮಡಾ! ಅಲ್ಲೇ ಏನ್ ನೋಡ್ಲಿಕತ್ತಿ? ಛಾ ಇಡು.”

ಉಚ್ಚಾರ ತಪ್ಪಿತ್ತು. ಅವ್ವ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ತಿದ್ದಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿದೆ.